ಔಷಧ ಹೊಡೆಯುವ ಮುನ್ನ ರಕ್ತಪರೀಕ್ಷೆ

ಆದವಾನಿ ಸೀಮೆಯ ಹತ್ತಿ ಬೆಳೆಗಾರರು ಇದನ್ನು ಗಮನಿಸಬೇಕು. ಪ್ರೊಫೆನೊಫಾಸ್, ಕ್ವಿನಾಲ್‌ಫಾಸ್ ಮುಂತಾದ ಕೀಟನಾಶಕಗಳು ಚರ್ಮ, ಉಸಿರುಗಳ ಮೂಲಕ ಒಳಹೊಕ್ಕು, ರಕ್ತದಲ್ಲಿರುವ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಕುಂದಿಸುತ್ತವೆ. ತಕ್ಕ ರಾಸಾಯನಿಕ ದ್ರವವಿದ್ದರೆ, ಸಣ್ಣ ಪ್ರಯೋಗಶಾಲೆಯ ಅರೆಸ್ವಯಂಚಾಲಿತ ಯಂತ್ರವೂ ಇದನ್ನು ಅಳೆಯಬಲ್ಲದು. ರಕ್ತದ ತಿಳಿಯನ್ನು ಆ ದ್ರವದೊಡನೆ ಕೈಯಿಂದಲೇ ಅಳೆದು ಬೆರೆಸುತ್ತಾರೆ. ಯಂತ್ರವು ಅದನ್ನು 37 ಡಿಗ್ರಿ ಶಾಖದಲ್ಲಿಟ್ಟು, ಬೆಳಕು ಹಾಯಿಸಿ, ಬಣ್ಣ ಬದಲಾಗುವ ವೇಗದಿಂದ ಲೆಕ್ಕ ಕೊಡುತ್ತದೆ.

ಆರೋಗ್ಯವಂತರಲ್ಲಿಯೂ ಈ ಅಂಕೆ ಒಬ್ಬೊಬ್ಬರಿಗೆ ಒಂದೊಂದು ತೆರನಾಗಿರುತ್ತದೆ. ಆದುದರಿಂದ ಹಂಗಾಮಿಗೆ ಮುಂಚೆ, ಒಂದು ತಿಂಗಳಾದರೂ ಔಷಧ ಮುಟ್ಟದಿರುವಾಗ, ಪರೀಕ್ಷೆ ಮಾಡಿಸಿ ಚೀಟಿಯನ್ನು ಜೋಪಾನವಾಗಿಡಿರಿ. ಸಿಂಪರಣೆಯ ನಡುವೆ ಅದೇ ಪ್ರಯೋಗಶಾಲೆಯಲ್ಲಿ ಮತ್ತೆ ನೋಡಿಸಿರಿ. ಮೊದಲಿನ ಅಂಕೆಯನ್ನು 100 ಎಂದಿಟ್ಟುಕೊಂಡರೆ, 80ಕ್ಕೆ ಇಳಿದಾಗ ಎಚ್ಚರಗೊಂಡು ಸಿಂಪಡಿಸುವ ಕ್ರಮವನ್ನು ತಿದ್ದಿಕೊಳ್ಳಬೇಕು; 60ಕ್ಕೆ ಇಳಿದರೆ ಕೆಲಸ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ವಿಪರೀತ ಬೆವರು, ಜೊಲ್ಲು, ಕಣ್ಣು ಮಂಜಾಗುವುದು ಕಂಡರೆ ಪರೀಕ್ಷೆಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.