ಬಾಲ ಹೋದರೆ ಹೋಗಲಿ

ಹಲ್ಲಿ ಲೊಚಗುಟ್ಟಿದರೆ ನಮ್ಮಜ್ಜಿ ಬೆರಳಿನಿಂದ ನೆಲ ಕುಟ್ಟಿ "ಕೃಷ್ಣ ಕೃಷ್ಣ" ಅನ್ನುತ್ತಿದ್ದರು. ಮೈಮೇಲೆ ಬಿದ್ದರಂತೂ ಪಂಚಾಂಗ ಹೊರಗೆ ಬರುತ್ತಿತ್ತು. ಎಡಭುಜವೋ ಬಲಭುಜವೋ ನೋಡಿ ಫಲ ಹೇಳಬೇಕಲ್ಲ. ತೀರ್ಥಹಳ್ಳಿಯ ಅಂಥ ಮನೆಯಲ್ಲಿ ಬೆಳೆದ ನಾನು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಹನ್ನೊಂದು ವರ್ಷದಿಂದ ಹಲ್ಲಿ ಸಾಕುತ್ತಿದ್ದೇನೆ. ಶುರುವಾದದ್ದು ಮಗಳ ಹಟದಿಂದ. ಈಗ ಸಾಕಲಾಗದೆ ಕೈಬಿಟ್ಟವರ ಹಲ್ಲಿಗಳೂ ನಮ್ಮ ಮನೆ ಸೇರುತ್ತವೆ, ಅದರಲ್ಲೂ ಬಾಲ ಕೆಟ್ಟವು.

ನಾನು ಹೇಳುತ್ತಿರುವುದು ಲೆಪರ್ಡ್ ಗೆಕ್ಕೊ ಎಂಬ ಹಲ್ಲಿಯ ವಿಷಯ. ಇದು ಗೋಡೆ ಹತ್ತುವುದಿಲ್ಲ. ಬೆರಳಿನಡಿ ಅಂಟುವ ಪಟ್ಟಿಗಳೇ ಇಲ್ಲ. ನಮ್ಮ ಗೋಡೆ ಹಲ್ಲಿಗಿಲ್ಲದ ರೆಪ್ಪೆ ಇದಕ್ಕಿದೆ, ಕಣ್ಣು ಮುಚ್ಚಿ ಮಲಗುತ್ತದೆ. ಅಫ್ಘಾನಿಸ್ತಾನ, ಪಾಕಿಸ್ತಾನ, ವಾಯವ್ಯ ಭಾರತದ ಒಣ ಕಲ್ಲುನೆಲ ಇದರ ತವರು. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ 1854ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರಿಟ್ಟ. ದಪ್ಪ ಬಾಲವೇ ಇದರ ಕಣಜ: ಹೊಟ್ಟೆಗಿಲ್ಲದ ದಿನಕ್ಕೆಂದು ಕೊಬ್ಬನ್ನು ಅಲ್ಲಿ ಕೂಡಿಟ್ಟುಕೊಳ್ಳುತ್ತದೆ. ಆ ಬಾಲಕ್ಕೆ ಗಾಯವಾಗಿ ಸೋಂಕು ಹತ್ತಿದರೆ ಏನು ಮಾಡಬೇಕೆಂದು ನಾನು ಕಲಿತದ್ದು ಒಂದು ಜೀವವನ್ನು ಕಳೆದುಕೊಂಡ ಮೇಲೆ.

1. ಬಾಲದ ರೋಗ ಬಾಲದಲ್ಲಿ ಹುಟ್ಟುವುದಿಲ್ಲ

ನಮ್ಮ ಮೊದಲ ಹಲ್ಲಿಯ ಮೈಮೇಲೆ ರಾಗಿ ಚೆಲ್ಲಿದಂಥ ಚುಕ್ಕೆಗಳು. ಹೆಸರೂ ರಾಗಿ ಎಂದೇ ಆಯಿತು. ಒಂದು ಚಳಿಗಾಲದಲ್ಲಿ ಪೊರೆ ಬಿಟ್ಟಾಗ ಬಾಲದ ತುದಿಯಲ್ಲಿ ಉಂಗುರದಷ್ಟು ಹಳೆಯ ಚರ್ಮ ಉಳಿದುಕೊಂಡಿತು. ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಉಳಿದ ಪೊರೆ ಒಣಗುತ್ತ ಬಿಗಿಯಾಗುತ್ತದೆ. ಬೆರಳಿಗೆ ದಾರ ಬಿಗಿದು ಮರೆತರೆ ಏನಾಗುತ್ತದೋ ಅದೇ ಆಗುತ್ತದೆ. ರಕ್ತ ತುದಿಗೆ ಹೋಗದೆ ಅದು ಸಾಯುತ್ತದೆ, ಸತ್ತ ಭಾಗಕ್ಕೆ ಬ್ಯಾಕ್ಟೀರಿಯಾ ಸೇರುತ್ತದೆ.

ತಪ್ಪು ರಾಗಿಯನ್ನು ಇಟ್ಟಿದ್ದ ಪೆಟ್ಟಿಗೆಯದಾಗಿತ್ತು. ಮನೆಯ ಹೀಟರಿನಿಂದ ಗಾಳಿ ಒಣಗಿತ್ತು, ಒಳಗೆ ಒದ್ದೆ ಗೂಡು ಇರಲಿಲ್ಲ. ಒಣ ಸೀಮೆಯ ಪ್ರಾಣಿಯಾದರೂ ಅದು ತವರಿನಲ್ಲಿ ಹಗಲೆಲ್ಲ ಕಲ್ಲಿನ ಸಂದಿಯ ತೇವದಲ್ಲಿ ಅಡಗಿರುತ್ತದೆ. ಮುಚ್ಚಳಕ್ಕೆ ತೂತು ಕೊರೆದ ಒಂದು ಪ್ಲಾಸ್ಟಿಕ್ ಡಬ್ಬ, ಒಳಗೆ ಹಿಂಡಿದ ಒದ್ದೆ ಪಾಚಿ, ಅಷ್ಟಿದ್ದರೆ ಸಾಕಿತ್ತು. ಪ್ರತಿ ಪೊರೆಯ ನಂತರ ಬಾಲದ ತುದಿಯನ್ನೂ ಕಾಲ್ಬೆರಳುಗಳನ್ನೂ ಟಾರ್ಚ್ ಹಿಡಿದು ನೋಡಿ. ಪೊರೆ ಉಳಿದಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಹೊಟ್ಟೆ ಮುಳುಗದಷ್ಟು ಆಳಕ್ಕೆ ಕಾಲು ಗಂಟೆ ಬಿಟ್ಟು, ಒದ್ದೆ ಇಯರ್ ಬಡ್‌ನಿಂದ ಹಗುರಾಗಿ ಉಜ್ಜಿ ಬಿಡಿಸಿ. ಎಳೆಯಬೇಡಿ.

ಒಂದೇ ಪೆಟ್ಟಿಗೆಯಲ್ಲಿ ಎರಡು ಹಲ್ಲಿ ಇಟ್ಟು ಕಚ್ಚಾಡಿಸಿದವರನ್ನು ನೋಡಿದ್ದೇನೆ. ಗಾಜಿನ ಬಾಗಿಲಿಗೆ ಬಾಲ ಸಿಕ್ಕಿಸಿದವರೂ ಇದ್ದಾರೆ. ಆಹಾರವೆಂದು ಬಿಟ್ಟ, ರಾತ್ರಿ ತಿನ್ನದೆ ಉಳಿದ ಚಿಮ್ಮಂಡೆಗಳು ಮಲಗಿದ ಹಲ್ಲಿಯನ್ನೇ ಮೆಲ್ಲುವುದುಂಟು. ಕಾರಣ ತೆಗೆಯದೆ ಔಷಧಿ ಹಚ್ಚಿದರೆ ಸೋರುವ ಮಾಡಿನಡಿ ನೆಲ ಒರೆಸಿದಂತೆ.

2. ಉದುರಿದ ಬಾಲ ಬೇರೆ, ಕೊಳೆತ ಬಾಲ ಬೇರೆ

ಹೆದರಿದ ಹಲ್ಲಿ ಬಾಲ ಬಿಟ್ಟು ಓಡುವುದು ನಮಗೆಲ್ಲ ಗೊತ್ತು. ಬಿದ್ದ ಬಾಲ ನೆಲದ ಮೇಲೆ ಕುಣಿಯುವುದನ್ನು ನೋಡಿಯೇ ನಾವು ದೊಡ್ಡವರಾದದ್ದು. ಬಾಲದ ಮೂಳೆಗಳಲ್ಲಿ ಅದಕ್ಕೆಂದೇ ಒಡೆಯುವ ಗೆರೆಗಳಿವೆ. ಕಳಚಿದ ಕೂಡಲೇ ರಕ್ತನಾಳದ ಸುತ್ತಲ ಸ್ನಾಯು ಬಿಗಿದುಕೊಳ್ಳುವುದರಿಂದ ರಕ್ತ ಹೆಚ್ಚು ಹೋಗದು. ಮೊಂಡು ಮೊದಲು ಹಸಿಮಾಂಸದ ಬಣ್ಣದಲ್ಲಿರುತ್ತದೆ, ಆಮೇಲೆ ಕಪ್ಪು ಹಕ್ಕಳೆ ಕಟ್ಟುತ್ತದೆ. ಇದು ರೋಗವಲ್ಲ. ಶುಚಿಯಾಗಿಟ್ಟು ಸುಮ್ಮನಿದ್ದರೆ ಸಾಕು. ಊರಿನ ಗೋಡೆ ಹಲ್ಲಿಯಾದರೆ ಅಷ್ಟೂ ಬೇಡ. ಹಿಡಿಯಲು ಹೋಗದೆ ಅದರ ಪಾಡಿಗೆ ಬಿಡಿ.

ಆದರೆ ಬಾಲ ಅಂಟಿಕೊಂಡೇ ಇದ್ದು ತುದಿ ಕಪ್ಪಾಗುತ್ತಿದ್ದರೆ, ಊದಿದ್ದರೆ, ವಾಸನೆ ಬಂದರೆ, ಮುಟ್ಟಿದಾಗ ಮೆತ್ತಗೆ ಒದ್ದೆಯಾಗಿದ್ದರೆ ಅದು ಪೂರಾ ಬೇರೆ ಕತೆ. ಮೊದಲನೆಯದಕ್ಕೆ ತಾಳ್ಮೆ ಬೇಕು, ಎರಡನೆಯದಕ್ಕೆ ಅವಸರ. ನಾನು ಮಾಡಿದ್ದು ಉಲ್ಟಾ.

3. ಕಪ್ಪನ್ನು ಅಳೆಯಿರಿ

ರಾಗಿಯ ತುದಿ ಕಪ್ಪಾದದ್ದನ್ನು ಕಂಡ ಮೇಲೂ ಒಂಬತ್ತು ದಿನ ಕಾದೆ. "ನಿನ್ನೆಯಷ್ಟೇ ಇದೆ ಅಲ್ವಾ?" ಎಂದು ಮಗಳನ್ನು ಕೇಳುವುದು, "ಹೂಂ ಅಮ್ಮ" ಎಂದು ಅವಳು ಹೇಳುವುದು. ದಿನವೂ ನೋಡುವ ಕಣ್ಣಿಗೆ ದಿನದ ವ್ಯತ್ಯಾಸ ಕಾಣುವುದಿಲ್ಲ.

ಈಗ ನನ್ನ ಕ್ರಮ ಇದು: ಅದೇ ದೀಪ, ಅದೇ ಹೊತ್ತು, ಪಕ್ಕದಲ್ಲಿ ಮಗಳ ಶಾಲೆಯ ಸ್ಕೇಲು, ದಿನಕ್ಕೊಂದು ಫೋಟೊ. ಕಪ್ಪು ತುದಿಯಲ್ಲೇ ನಿಂತು ಒಣಗಿ, ಅದಕ್ಕೂ ಒಳ್ಳೆಯ ಚರ್ಮಕ್ಕೂ ನಡುವೆ ಸ್ಪಷ್ಟ ಗೆರೆ ಬಿದ್ದರೆ ಮಾತು ಬೇರೆ; ಆದರೂ ವೈದ್ಯರಿಗೆ ತೋರಿಸಬೇಕು. ಗೆರೆ ಒಂದೆರಡು ಮಿಲಿಮೀಟರ್ ಬುಡದ ಕಡೆ ಸರಿದಿದ್ದರೂ ಅವತ್ತೇ ಫೋನ್ ಮಾಡಿ. ಕಪ್ಪು ಬಾಲದ ಬುಡಕ್ಕೆ ಹೋದಷ್ಟೂ ಬಾಲ ತೆಗೆಯುವ ಕೆಲಸ ಕಷ್ಟ. ಅಲ್ಲಿ ಒಡೆಯುವ ಗೆರೆಗಳಿಲ್ಲ, ಗಂಡಾದರೆ ಅದರ ಜನನಾಂಗಗಳು ಅಲ್ಲೇ ಒಳಗಿರುತ್ತವೆ.

4. ಕೀವು ಹರಿದುಹೋಗುತ್ತದೆಂದು ಕಾಯಬೇಡಿ

ನಮಗೆ ಕುರು ಎದ್ದರೆ ಹಣ್ಣಾಗಿ ಒಡೆದು ಹರಿಯುತ್ತದೆ. ಸರೀಸೃಪದ ಕೀವು ಹರಿಯುವುದಿಲ್ಲ. ಅದನ್ನು ಕರಗಿಸಿ ನೀರಾಗಿಸುವ ಕಿಣ್ವ ಅವುಗಳ ಬಿಳಿ ರಕ್ತಕಣಗಳಲ್ಲಿ ಸಾಲದು. ಹಾಗಾಗಿ ಕೀವು ಒಣಗಿದ ಗಿಣ್ಣಿನಂತೆ ಗಟ್ಟಿಯಾಗಿ ಕೂರುತ್ತದೆ. ಆ ಗಟ್ಟಿಯೊಳಗೆ ಔಷಧಿ ಇಳಿಯದು. ವೈದ್ಯರೇ ಸೀಳಿ ತೆಗೆಯಬೇಕು. ಬಾಲದ ಗಂಟನ್ನು ಮನೆಯಲ್ಲಿ ಹಿಂಡಿದ ಒಬ್ಬರ ಹಲ್ಲಿ ನನ್ನ ಹತ್ತಿರ ಬಂದಾಗ ಹಿಂಡಿದ ಜಾಗದ ಎರಡೂ ಕಡೆ ಹೊಸ ಗಂಟುಗಳಿದ್ದವು.

5. ಅರಿಶಿನ ಅಡುಗೆಮನೆಯಲ್ಲೇ ಇರಲಿ

ಫೋನಿನಲ್ಲಿ ವಿಷಯ ಕೇಳಿದ ಅಮ್ಮ ತಕ್ಷಣ ಹೇಳಿದ್ದು, "ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಹಚ್ಚೇ." ಹಚ್ಚಿದೆ. ಅರಿಶಿನ ವಿಷವಲ್ಲ ನಿಜ, ಆದರೆ ಅದು ಮಾಡಿದ ಅನಾಹುತವೇ ಬೇರೆ: ಬಾಲವೆಲ್ಲ ಹಳದಿಯಾಗಿ ಕಪ್ಪು ಎಲ್ಲಿಗೆ ಮುಟ್ಟಿದೆಯೆಂದೇ ತಿಳಿಯದಾಯಿತು. ನಾಲ್ಕು ದಿನ ಹಾಗೆ ಹೋದವು. ಮೇಲಿಂದ ಎಣ್ಣೆಗೆ ಕಸ ಹಿಡಿಯಿತು. ಗಾಯದ ಬಣ್ಣವನ್ನು ಮುಚ್ಚುವ ಯಾವುದನ್ನೂ ಹಚ್ಚಬಾರದೆಂಬುದು ಅಂದಿನಿಂದ ನನ್ನ ನಿಯಮ.

ವೈದ್ಯರು ಸಿಗುವವರೆಗೆ ಕ್ರಿಮಿರಹಿತ ಸಲೈನ್‌ನಲ್ಲಿ ತೊಳೆದರೆ ಸಾಕು. ಅವರು ಹೇಳಿದರೆ ಬೆಟಾಡಿನ್ ದ್ರಾವಣವನ್ನು ತೆಳು ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ ಬಳಸಬಹುದು. ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್ ಬೇಡ. ಅವು ಚಿಗುರುವ ಚರ್ಮವನ್ನೂ ಸುಡುತ್ತವೆ. ಮನುಷ್ಯರ ಮುಲಾಮು ಬಳಸುವ ಮೊದಲು ಟ್ಯೂಬಿನ ಹಿಂಬದಿ ಓದಿ. ಲಿಡೊಕೇನ್, ಬೆಂಜೊಕೇನ್ ಎಂದು ನೋವು ಮರೆಸುವ ಏನಾದರೂ ಇದ್ದರೆ ದೂರವಿಡಿ. ನಮ್ಮ ಬೆರಳ ತುದಿಗೆ ಹಚ್ಚುವಷ್ಟು ಮುಲಾಮು ಐವತ್ತು ಗ್ರಾಂ ಜೀವಕ್ಕೆ ಅಪಾಯ ತರಬಲ್ಲದು.

6. ಪೆಟ್ಟಿಗೆಯನ್ನು ಆಸ್ಪತ್ರೆ ಮಾಡಿ

ಮರಳು, ಮಣ್ಣು, ತೆಂಗಿನ ನಾರು ಎಲ್ಲ ಹೊರಗೆ. ಬಣ್ಣದ ಚಿತ್ತಾರವಿಲ್ಲದ ಅಡುಗೆಮನೆ ಟಿಶ್ಯೂ ಹಾಸಿ, ದಿನವೂ ಬದಲಿಸಿ. ಬಿಳಿ ಹಾಸಿನ ಮೇಲೆ ರಕ್ತ, ಕೀವು, ಹಿಕ್ಕೆ ಮೂರೂ ಕಾಣುತ್ತವೆ. ಹಲ್ಲಿ ಒಂದೇ ಇರಲಿ. ಹುಳುಗಳನ್ನು ಚಿಮಟದಲ್ಲಿ ಹಿಡಿದು ತಿನ್ನಿಸಿ, ಒಂದೂ ಒಳಗೆ ಉಳಿಯಬಾರದು. ಎತ್ತುವಾಗ ಮೇಲಿಂದ ಕೈ ಹಾಕಬೇಡಿ. ಅದರ ಲೆಕ್ಕದಲ್ಲಿ ಮೇಲಿಂದ ಬರುವುದೆಲ್ಲ ಹದ್ದೇ. ಹೊಟ್ಟೆಯಡಿ ಅಂಗೈ ಜಾರಿಸಿ.

ನಿಮ್ಮ ಕಡೆಗೂ ನೋಡಿಕೊಳ್ಳಿ. ಆರೋಗ್ಯವಾಗಿ ಕಾಣುವ ಹಲ್ಲಿಯ ಕರುಳಲ್ಲೂ ಸಾಲ್ಮೊನೆಲ್ಲಾ ಇರಬಹುದು. ಮುಟ್ಟಿದ ಮೇಲೆ ಸೋಪಿನಿಂದ ಕೈತೊಳೆಯಿರಿ, ಅದರ ಪಾತ್ರೆಗಳನ್ನು ಪಾತ್ರೆ ತೊಳೆಯುವ ಸಿಂಕ್‌ನಲ್ಲಿ ತೊಳೆಯಬೇಡಿ.

7. ಬಿಸಿಯೇ ಅರ್ಧ ಔಷಧಿ

ನಮಗೆ ಸೋಂಕಾದರೆ ಮೈಯೇ ಜ್ವರ ಏರಿಸಿಕೊಳ್ಳುತ್ತದೆ. ಹಲ್ಲಿಗೆ ಒಳಗಿನ ಒಲೆ ಇಲ್ಲ. ಹೊರಗಿನ ಬಿಸಿ ಸಿಕ್ಕರಷ್ಟೇ ಅದರ ರಕ್ತಕಣಗಳು ಹೋರಾಡುತ್ತವೆ, ಹೊಟ್ಟೆ ಅರಗಿಸುತ್ತದೆ, ಚುಚ್ಚಿದ ಔಷಧಿ ಮೈಯಲ್ಲಿ ಹರಡುತ್ತದೆ. ಬಿಸಿ ಬದಿಯ ನೆಲ 31ರಿಂದ 33 ಡಿಗ್ರಿ, ತಂಪು ಬದಿ 25ರ ಸುಮಾರು ಇರಬೇಕು. ಎರಡೂ ಬೇಕು, ಎಲ್ಲಿ ಕೂರಬೇಕೆಂಬುದು ಅದರ ಆಯ್ಕೆ. ಥರ್ಮೋಸ್ಟಾಟ್ ಇಲ್ಲದ ಹೀಟರ್ ಬೇಡವೇ ಬೇಡ. ಬಿಸಿಯಾಗಲೆಂದು ಇಟ್ಟ ಕೃತಕ ಕಲ್ಲಿನ ಮೇಲೆ ಬಾಲ ಸುಟ್ಟುಕೊಂಡ ಎರಡು ಹಲ್ಲಿಗಳು ನಮ್ಮಲ್ಲಿಗೆ ಬಂದಿವೆ.

8. ತಕ್ಕಡಿ ಸುಳ್ಳು ಹೇಳುವುದಿಲ್ಲ

ಗ್ರಾಂ ತೋರಿಸುವ ತಕ್ಕಡಿಯೊಂದನ್ನು ಹಲ್ಲಿಗೆಂದೇ ತೆಗೆದಿಡಿ. ಬೆಳೆದ ಲೆಪರ್ಡ್ ಗೆಕ್ಕೊ ಸಾಮಾನ್ಯವಾಗಿ 45ರಿಂದ 80 ಗ್ರಾಂ ತೂಗುತ್ತದೆ. ಆರೋಗ್ಯವಾಗಿದ್ದಾಗ ವಾರಕ್ಕೊಮ್ಮೆ, ಕಾಯಿಲೆಯಲ್ಲಿ ಎರಡು ದಿನಕ್ಕೊಮ್ಮೆ ತೂಗಿ ಬರೆದಿಡಿ. ಬಾಲ ಹೋದಾಗ ಅದರ ತೂಕವೂ ಹೋಗುತ್ತದೆ, ಅದು ಲೆಕ್ಕಕ್ಕಿಲ್ಲ. ಆಮೇಲಿನ ಇಳಿತ ಮುಖ್ಯ. ಹತ್ತರಲ್ಲೊಂದು ಪಾಲು ಇಳಿದರೆ ತಡಮಾಡಬೇಡಿ. ಕಣಜ ಖಾಲಿಯಾದವರಿಗೆ ಉಪವಾಸ ಸಲ್ಲದು: ಎರಡು ಮೂರು ದಿನಕ್ಕೊಮ್ಮೆ ತಿನ್ನುತ್ತಿದ್ದದ್ದಕ್ಕೆ ಈಗ ಸ್ವಲ್ಪಸ್ವಲ್ಪವಾಗಿ ಹೆಚ್ಚು ಸಲ, ಕ್ಯಾಲ್ಸಿಯಂ ಪುಡಿ ಸವರಿ ಕೊಡಿ.

9. ಎಲ್ಲ ವೈದ್ಯರೂ ಹಲ್ಲಿಯ ವೈದ್ಯರಲ್ಲ

ನಾಯಿ ಬೆಕ್ಕು ನೋಡುವ ಒಳ್ಳೆಯ ವೈದ್ಯರಿಗೂ ಹಲ್ಲಿಯ ರೂಢಿ ಇರದಿರಬಹುದು. ಇಲ್ಲಿ ಎಕ್ಸಾಟಿಕ್ಸ್ ಎಂದು ಬೋರ್ಡಿರುವ ಕಡೆ ಹೋಗಬೇಕು. ಎಲ್ಲಿದ್ದಾರೆ, ರಾತ್ರಿ ಸಿಗುತ್ತಾರೆಯೇ ಎಂದು ಹಲ್ಲಿ ಚೆನ್ನಾಗಿರುವಾಗಲೇ ವಿಚಾರಿಸಿಡಿ. ಅವರು ಸೋಂಕು ಮೂಳೆಗೆ ಇಳಿದಿದೆಯೇ ಎಂದು ಎಕ್ಸ್-ರೇ ತೆಗೆಯಬಹುದು, ಯಾವ ಬ್ಯಾಕ್ಟೀರಿಯಾ ಎಂದು ತಿಳಿಯಲು ಗಾಯದ ಮಾದರಿ ಕಳಿಸಬಹುದು. ಚಕ್ಕುಲಿಗೆ, ಅಂದರೆ ನಮ್ಮ ಎರಡನೆಯದಕ್ಕೆ, ಸೆಫ್ಟಾಜಿಡಿಮ್ ಕೊಟ್ಟರು. ಹಲ್ಲಿಯ ಮೈಯಿಂದ ಔಷಧಿ ನಿಧಾನವಾಗಿ ಹೊರಹೋಗುವುದರಿಂದ ಮೂರು ದಿನಕ್ಕೊಂದೇ ಚುಚ್ಚುಮದ್ದು. ಎರಡನೆಯ ಚುಚ್ಚಿಗೇ ಅದು ಲವಲವಿಕೆಯಾಯಿತು. ಹಾಗೆಂದು ನಿಲ್ಲಿಸಲಿಲ್ಲ, ಹೇಳಿದಷ್ಟೂ ಮುಗಿಸಿದೆವು. ನೋವಿಗೂ ಅವರೇ ಔಷಧಿ ಕೊಡುತ್ತಾರೆ. ಮನೆಯ ಮಾತ್ರೆ ಪುಡಿಮಾಡಿ ಹಾಕಬೇಡಿ.

10. ಕತ್ತರಿಗೆ ಹೆದರಬೇಡಿ

ರಾಗಿಯನ್ನು ಕೊನೆಗೂ ಕರೆದೊಯ್ದಾಗ ವೈದ್ಯರು, "ಇವತ್ತೇ ಬಾಲ ತೆಗೆದುಬಿಡೋಣ" ಎಂದರು. ಆ ಚಂದದ ಪಟ್ಟೆ ಬಾಲ, ಮಗಳ ಕಣ್ಣಲ್ಲಿ ನೀರು. ಜೊತೆಗೆ ಖರ್ಚಿನ ಲೆಕ್ಕ: ನಲವತ್ತು ಪೌಂಡಿನ ಹಲ್ಲಿಗೆ ಅದರ ಹಲವು ಪಟ್ಟು ಬಿಲ್ಲು. ಮುಲಾಮಿನಲ್ಲೇ ಒಂದು ವಾರ ನೋಡೋಣ ಎಂದು ನಾನೇ ಬೇಡಿಕೊಂಡೆ. ಐದನೆಯ ದಿನ ಅದು ಕಣ್ಣು ತೆರೆಯಲಿಲ್ಲ. ಸೋಂಕು ರಕ್ತಕ್ಕೆ ಏರಿತ್ತು.

ಚಕ್ಕುಲಿಯ ಸರದಿ ಬಂದಾಗ ಕೇಳಿದ ದಿನವೇ ಒಪ್ಪಿದೆ. ಅರಿವಳಿಕೆ ಕೊಟ್ಟು, ಒಳ್ಳೆಯ ಭಾಗದಲ್ಲಿರುವ ಒಡೆಯುವ ಗೆರೆಯಲ್ಲೇ ಬಾಲವನ್ನು ಕಳಚಿದರು. ಹೊಲಿಗೆ ಹಾಕಲಿಲ್ಲ. ಹೊಲಿದರೆ ಹೊಸ ಬಾಲ ಸರಿಯಾಗಿ ಚಿಗುರದು, ಹಾಗಾಗಿ ಮೊಂಡನ್ನು ತೆರೆದೇ ಬಿಡುವುದು ರೂಢಿ. ಎಲ್ಲ ಗೆಕ್ಕೊಗಳಿಗೂ ಈ ಭಾಗ್ಯವಿಲ್ಲ ಎಂಬುದೂ ಗೊತ್ತಿರಲಿ. ಕ್ರೆಸ್ಟೆಡ್ ಗೆಕ್ಕೊಗೆ ಹೋದ ಬಾಲ ಮತ್ತೆ ಬರುವುದಿಲ್ಲ. ಅದು ಮೊಂಡಾಗಿಯೇ ಸುಖವಾಗಿ ಬಾಳುತ್ತದೆ.

11. ಹೊಸ ಬಾಲವನ್ನು ಹಳೆಯದಕ್ಕೆ ಹೋಲಿಸಬೇಡಿ

ಚಕ್ಕುಲಿಗೆ ಕೆಲವು ವಾರಗಳಲ್ಲಿ ಮೊಗ್ಗಿನಂಥದ್ದು ಮೂಡಿ, ಬರುಬರುತ್ತ ಪುಟ್ಟ ನವಿಲುಕೋಸಿನ ಆಕಾರಕ್ಕೆ ಬಂತು. ನುಣುಪು, ಗಿಡ್ಡ, ಪಟ್ಟೆಗಳಿಲ್ಲ. ಒಳಗೆ ಮೂಳೆಯ ಬದಲು ಮೃದ್ವಸ್ಥಿಯ ಕೊಳವೆ. ನೋಡಿದವರು ನಗುತ್ತಾರೆ. ಕೊಬ್ಬು ತುಂಬಿಡಲು ಅದಕ್ಕೆ ಅಷ್ಟೇ ಸಾಕು.

ಕೆಟ್ಟ ಬಾಲದ ಹಲ್ಲಿಯನ್ನು ಡಬ್ಬದಲ್ಲಿ ಹಿಡಿದು ನಮ್ಮ ಬಾಗಿಲಿಗೆ ಬರುವವರು ಮೊದಲು ಕೇಳುವುದು ಒಂದೇ: "ಬಾಲ ಉಳಿಯುತ್ತಾ?" ಒಮ್ಮೆ ನಾನೂ ಅದನ್ನೇ ಕೇಳಿದವಳು. ಈಗ ಉತ್ತರ ಹೇಳುವ ಮೊದಲು ತಕ್ಕಡಿ ತಂದು ಮೇಜಿನ ಮೇಲಿಟ್ಟು ನನ್ನದೊಂದು ಪ್ರಶ್ನೆ ಕೇಳುತ್ತೇನೆ: "ಊಟ ಬಿಟ್ಟು ಎಷ್ಟು ದಿನ ಆಯ್ತು?"