ಹಸಿವು, ಸಿಟ್ಟು ಮತ್ತು ಶರೀರದ ರಸಗಳು: ಮಕ್ಕಳಿಗೆ ತಿಳಿಸಿಕೊಡುವ ಬಗೆ

ದಶಲಕ್ಷಣ ಪರ್ವದ ಮೊದಲನೆಯ ದಿನವಾದ ಭಾದ್ರಪದ ಶುಕ್ಲ ಪಂಚಮಿಯು ಉತ್ತಮ ಕ್ಷಮಾ ಧರ್ಮಕ್ಕೆ ಮೀಸಲಾದುದು. ಆ ದಿನ ಶ್ರಾವಕರ ಮನೆಗಳಲ್ಲಿ ಕಾಣಬರುವ ಒಂದು ಪ್ರಸಂಗ ಹೀಗಿರುತ್ತದೆ. ಹತ್ತು ವರ್ಷದ ಬಾಲಕನೊಬ್ಬನು ಅಜ್ಜ ಅಜ್ಜಿಯರನ್ನು ನೋಡಿ ತಾನೂ ಏಕಾಶನ ಮಾಡುವೆನೆಂದು ಹಟ ಹಿಡಿಯುತ್ತಾನೆ. ಬಸದಿಯಲ್ಲಿ ಅಭಿಷೇಕ ಪೂಜೆಗಳನ್ನು ಮುಗಿಸಿ ಬಂದು ಹನ್ನೊಂದು ಗಂಟೆಗೆ ಊಟ ಮಾಡಿ ಎದ್ದವನು ಮಧ್ಯಾಹ್ನವೆಲ್ಲ ಉತ್ಸಾಹದಿಂದಲೇ ಇರುತ್ತಾನೆ. ನಾಲ್ಕು ಗಂಟೆಯ ಸುಮಾರಿಗೆ ತಂಗಿ ಅವನ ಬಣ್ಣದ ಪೆನ್ಸಿಲನ್ನು ಮುಟ್ಟಿದಳೆಂಬ ಕಾರಣಕ್ಕೆ ಅವಳ ಬೆನ್ನಿಗೆ ಗುದ್ದುತ್ತಾನೆ. ತಾಯಿ ಓಡಿಬಂದು, ‘ಕ್ಷಮಾ ಧರ್ಮದ ದಿನವೇ ಹೀಗೆ ಮಾಡಿದೆಯಲ್ಲ, ಇನ್ನೇತರ ಏಕಾಶನ ನಿನ್ನದು?’ ಎಂದು ಗದರಿಸುತ್ತಾಳೆ. ಬಾಲಕನು ಅಳುತ್ತ ಹೇಳುವ ಮಾತು ಒಂದೇ: ‘ನಾನು ಬೇಕೆಂದು ಹೊಡೆಯಲಿಲ್ಲಮ್ಮ. ಸಿಟ್ಟು ತಾನಾಗಿಯೇ ಬಂತು.’

ಈ ಮಾತನ್ನು ಹಿರಿಯರು ಸಾಮಾನ್ಯವಾಗಿ ಕುಂಟುನೆಪವೆಂದು ತಳ್ಳಿಹಾಕುತ್ತಾರೆ. ಅದರಲ್ಲಿ ಅರ್ಧ ಸತ್ಯವಿದೆ. ಯಾವ ಅರ್ಧ ಸತ್ಯ, ಯಾವುದು ಅಲ್ಲ ಎಂಬುದನ್ನು ಬಾಲಕನಿಗೆ ಬಿಡಿಸಿ ಹೇಳಬೇಕಾದವರು ಮನೆಯ ಹಿರಿಯರೇ. ‘ಎಲ್ಲವೂ ನಿನ್ನದೇ ತಪ್ಪು’ ಎಂದರೆ ಮಗು ವ್ರತವನ್ನೇ ದ್ವೇಷಿಸತೊಡಗುತ್ತದೆ. ‘ಎಲ್ಲವೂ ಶರೀರದ ರಾಸಾಯನಿಕಗಳ ಆಟ’ ಎಂದರೆ, ಕೈಯೆತ್ತಿದವನು ತಾನಲ್ಲವೆಂದೇ ನಂಬಿ ಬೆಳೆಯುತ್ತದೆ. ಎರಡನೆಯದು ಈಚಿನ ಕಾಲದ ರೋಗ, ಮೊದಲನೆಯದು ಹಳೆಯದು.

ಹಾಗಾದರೆ ಶರೀರದೊಳಗೆ ನಡೆಯುವುದೇನು? ಮನುಷ್ಯನ ದೇಹದಲ್ಲಿ ಕೆಲವು ನಿರ್ನಾಳ ಗ್ರಂಥಿಗಳಿವೆ. ಅವು ತಮ್ಮ ರಸವನ್ನು ಯಾವ ನಾಳದ ಮೂಲಕವೂ ಸಾಗಿಸದೆ ನೇರವಾಗಿ ರಕ್ತಕ್ಕೆ ಬಿಡುತ್ತವೆ. ಇಂತಹ ರಸಗಳಿಗೆ ಹಾರ್ಮೋನುಗಳೆಂಬ ಹೆಸರನ್ನು 1905ರಲ್ಲಿ ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಸ್ಟಾರ್ಲಿಂಗ್ ಬಳಕೆಗೆ ತಂದನು. ಮಕ್ಕಳಿಗೆ ಇದನ್ನು ಡಂಗುರದ ಹೋಲಿಕೆಯಿಂದ ತಿಳಿಸಬಹುದು. ಡಂಗುರ ಸಾರುವವನು ಊರಿನ ಬೀದಿಬೀದಿಗಳಲ್ಲಿ ನಡೆಯುತ್ತಾನೆ; ಸುದ್ದಿ ಎಲ್ಲರ ಕಿವಿಗೂ ಬೀಳುತ್ತದೆ; ಆದರೆ ‘ಕೆರೆಯ ಕೆಳಗಿನ ಗದ್ದೆಯವರು ಬರಬೇಕು’ ಎಂದು ಸಾರಿದರೆ ಎದ್ದು ಹೊರಡುವವರು ಅವರು ಮಾತ್ರ. ಅಂತೆಯೇ ರಸವು ರಕ್ತದೊಡನೆ ಸರ್ವಾಂಗಗಳಲ್ಲಿಯೂ ಸಂಚರಿಸಿದರೂ, ಅದರ ಕರೆಗೆ ಓಗೊಡುವುದು ಅದನ್ನು ಗುರುತಿಸಬಲ್ಲ ಅಂಗ ಮಾತ್ರ. ಎಂಟು ವರ್ಷದ ಮಗುವಿಗೆ ಇಷ್ಟು ಸಾಕು.

ಹಸಿವೆಗೂ ಇಂತಹ ಒಂದು ರಸವಿದೆ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಜಠರದಿಂದ ಹೊರಡುವ ಗ್ರೆಲಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. ಅದು ಮಿದುಳಿಗೆ ಊಟದ ಹೊತ್ತಾಯಿತೆಂದು ತಿಳಿಸುತ್ತದೆ. ಇದರ ಒಂದು ಗುಣವಂತೂ ವ್ರತ ಮಾಡುವವರಿಗೆ ಬಹಳ ಸ್ವಾರಸ್ಯಕರವಾದುದು. ದಿನನಿತ್ಯ ಊಟ ಮಾಡುವ ಹೊತ್ತಿಗೆ ಅದು ರಕ್ತದಲ್ಲಿ ಏರುತ್ತದೆ. ಆದರೆ ಊಟ ಮಾಡದೆ ಇದ್ದರೂ ಸ್ವಲ್ಪ ಸಮಯದ ಮೇಲೆ ತಾನಾಗಿಯೇ ಇಳಿಯುತ್ತದೆ. ಹಸಿವೆಯು ಹೊತ್ತು ಕಳೆದಂತೆ ಏರುತ್ತಲೇ ಹೋಗುವ ಏಣಿಯಲ್ಲ, ಬಂದು ಹೋಗುವ ತೆರೆ. ಮನೆಯ ಅಜ್ಜಿಯರಿಗೆ ಇದನ್ನು ಯಾವ ವಿಜ್ಞಾನಿಯೂ ಕಲಿಸಬೇಕಾಗಿಲ್ಲ. ‘ಹೊತ್ತು ಮೀರಿತು, ಹಸಿವು ಇಂಗಿತು’ ಎಂಬ ಮಾತು ಅವರ ಬಾಯಲ್ಲಿ ಎಂದಿನಿಂದಲೂ ಇದೆ. ಆದರೆ ಮೊದಲ ಬಾರಿಗೆ ಏಕಾಶನ ಮಾಡುವ ಬಾಲಕನಿಗೆ ಇದು ಗೊತ್ತಿಲ್ಲ. ನಾಲ್ಕು ಗಂಟೆಯ ತಿಂಡಿಯ ಹೊತ್ತಿಗೆ ಹೊಟ್ಟೆ ಚುರುಗುಟ್ಟಿದಾಗ, ಇದು ಹೀಗೆಯೇ ಬೆಳೆಯುತ್ತ ಬೆಳಗಿನವರೆಗೂ ತನ್ನನ್ನು ಸುಡುವುದೆಂದು ಅವನು ಹೆದರುತ್ತಾನೆ. ಆ ಹೆದರಿಕೆಯೇ ಅರ್ಧ ಹಸಿವು. ‘ಮಗೂ, ಇದು ತೆರೆ, ಸ್ವಲ್ಪ ಹೊತ್ತು ನೋಡುತ್ತಿರು, ಇಳಿಯುತ್ತದೆ’ ಎಂದು ಮೊದಲೇ ಹೇಳಿದ್ದರೆ ಆ ಗುದ್ದು ಬೀಳುತ್ತಲೇ ಇರಲಿಲ್ಲವೇನೋ.

ಇನ್ನು ರಕ್ತದಲ್ಲಿನ ಸಕ್ಕರೆ, ಅಂದರೆ ಗ್ಲೂಕೋಸ್. ಊಟದ ನಂತರ ಇದು ಹೆಚ್ಚಿದಾಗ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಎಂಬ ರಸವನ್ನು ಬಿಟ್ಟು, ಹೆಚ್ಚಿನ ಸಕ್ಕರೆಯನ್ನು ಯಕೃತ್ತೇ ಮೊದಲಾದ ಕಣಜಗಳಿಗೆ ಸೇರಿಸುತ್ತದೆ. ಗಂಟೆಗಳು ಕಳೆದು ಸಕ್ಕರೆ ಇಳಿಯತೊಡಗಿದಾಗ ಅದೇ ಗ್ರಂಥಿ ಗ್ಲುಕಗಾನ್ ಎಂಬ ಮತ್ತೊಂದು ರಸದಿಂದ ಯಕೃತ್ತಿನ ಕಣಜದ ಬಾಗಿಲನ್ನು ತೆರೆಸುತ್ತದೆ. ವಯಸ್ಕರ ಯಕೃತ್ತಿನ ಈ ದಾಸ್ತಾನು ಸುಮಾರು 100 ಗ್ರಾಂ. ಮಿದುಳೊಂದಕ್ಕೇ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು. ಆದ್ದರಿಂದಲೇ ಒಂದು ದಿನದ ಉಪವಾಸ ದಾಟಿದ ಮೇಲೆ ಶರೀರವು ಕೊಬ್ಬನ್ನು ಕರಗಿಸಿ ಬೇರೆ ಇಂಧನವನ್ನು ಹೊಂದಿಸಿಕೊಳ್ಳುತ್ತದೆ. ಮಕ್ಕಳ ಲೆಕ್ಕವೇ ಬೇರೆ. ಅವರ ಯಕೃತ್ತು ಚಿಕ್ಕದು, ಕಣಜವೂ ಚಿಕ್ಕದು. ಮಿದುಳು ಮಾತ್ರ ಶರೀರದ ಅಳತೆಗೆ ದೊಡ್ಡದು. ವಯಸ್ಕರಲ್ಲಿ ಶರೀರದ ಒಟ್ಟು ಶಕ್ತಿಯ ಐದರಲ್ಲೊಂದು ಪಾಲನ್ನು ಬಳಸುವ ಮಿದುಳು, ಐದು ವರ್ಷದ ಮಗುವಿನಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಬಳಸುತ್ತದೆ. ಅಜ್ಜ ಉಪವಾಸದಲ್ಲಿ ಶಾಂತನಾಗಿ ಸ್ವಾಧ್ಯಾಯ ಮಾಡುತ್ತಿರುವುದನ್ನು ತೋರಿಸಿ, ‘ಅವರನ್ನು ನೋಡಿ ಕಲಿ’ ಎನ್ನುವುದು ಆದ್ದರಿಂದ ನ್ಯಾಯವಾದ ತುಲನೆಯಲ್ಲ. ಅಜ್ಜನಲ್ಲಿ ನಲವತ್ತು ವರ್ಷಗಳ ಅಭ್ಯಾಸವಿದೆ, ದೊಡ್ಡ ಕಣಜವೂ ಇದೆ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಹೇಳುವಾಗ ಆಚಾರ್ಯರು ‘ಶಕ್ತಿತಃ’ ಎಂಬ ಪದವನ್ನು ಸೇರಿಸಿಯೇ ಹೇಳಿದ್ದಾರೆ. ಶಕ್ತಿಗೆ ತಕ್ಕಂತೆ ಎಂಬ ಆ ಅಳತೆ ಮಕ್ಕಳಿಗೂ ಅನ್ವಯಿಸುತ್ತದೆ.

ಆರೋಗ್ಯವಂತ ಬಾಲಕನಲ್ಲಿ ಹನ್ನೊಂದರ ಊಟದಿಂದ ನಾಲ್ಕು ಗಂಟೆಯೊಳಗೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದಿಲ್ಲ. ಹಸಿವೆ, ನೀರಡಿಕೆ, ಆಯಾಸಗಳು ಸೇರಿ ಅವನ ಸಹನೆಯ ಕಟ್ಟೆಯನ್ನು ತೆಳುವಾಗಿಸಿರುತ್ತವೆ, ಅಷ್ಟೆ. ಆಗ ತಂಗಿ ಪೆನ್ಸಿಲು ಮುಟ್ಟುತ್ತಾಳೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕೆ ಬೀಳುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಉಸಿರು ಬಿರುಸಾಗುತ್ತದೆ, ಮುಷ್ಟಿ ಬಿಗಿಯುತ್ತದೆ. ಬಾಲಕನು ‘ತಾನಾಗಿಯೇ ಬಂತು’ ಎಂದದ್ದು ಇದನ್ನೇ; ಇಷ್ಟರ ಮಟ್ಟಿಗೆ ಅವನು ಸುಳ್ಳು ಹೇಳಲಿಲ್ಲ.

ಶಾಸ್ತ್ರವೂ ಇದಕ್ಕೆ ವಿರೋಧವಾಗಿಲ್ಲ. ಶರೀರ, ಮಾತು, ಮನಸ್ಸು, ಉಸಿರು ಇವು ಪುದ್ಗಲದ ಉಪಕಾರಗಳೆಂದೂ, ಸುಖದುಃಖಗಳಲ್ಲಿಯೂ ಪುದ್ಗಲವು ಜೀವಕ್ಕೆ ನಿಮಿತ್ತವಾಗುತ್ತದೆಂದೂ ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯವು ತಿಳಿಸುತ್ತದೆ. ರಕ್ತದಲ್ಲಿ ಹರಿಯುವ ರಸಗಳು ಪುದ್ಗಲವಲ್ಲದೆ ಮತ್ತೇನು? ಹೀಗೆಂದಮಾತ್ರಕ್ಕೆ ಆಧುನಿಕ ಹಾರ್ಮೋನುಗಳನ್ನು ಪೂರ್ವಾಚಾರ್ಯರು ಮೊದಲೇ ಕಂಡುಹಿಡಿದಿದ್ದರೆಂದು ಜಂಬ ಕೊಚ್ಚಬೇಕಾಗಿಲ್ಲ. ಆ ಚಟ ಈಗ ಹೆಚ್ಚಾಗಿದೆ. ನಿಮಿತ್ತವೆಂಬ ಮಾತನ್ನು ಸರಿಯಾಗಿ ಹಿಡಿದರೆ ಸಾಕು. ನಿಮಿತ್ತವು ಒದಗಿಬರುತ್ತದೆ, ಕ್ರೋಧವಾಗಿ ಪರಿಣಮಿಸುವುದು ಜೀವ.

ಇದನ್ನು ಹತ್ತು ವರ್ಷದವನಿಗೆ ತಿಳಿಸುವುದು ಹೇಗೆ? ಇಲ್ಲಿ ಒಂದು ಸಂಗತಿ ನೆರವಿಗೆ ಬರುತ್ತದೆ. ಅಡ್ರಿನಲಿನ್ ರಕ್ತದಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಎರಡು ಮೂರು ನಿಮಿಷಗಳಲ್ಲಿ ಅದರ ಅರ್ಧ ಭಾಗ ಕರಗಿ ಹೋಗುತ್ತದೆ. ಅದರ ಜೊತೆಗಾರನಾದ ಕಾರ್ಟಿಸಾಲ್ ಇನ್ನಷ್ಟು ಹೊತ್ತು ಇರುವುದುಂಟು. ಆದರೆ ಅದೂ ಹೊಸದಾಗಿ ಸೇರದಿದ್ದರೆ ಕೆಲವು ಗಂಟೆಗಳಲ್ಲಿ ತಗ್ಗುತ್ತದೆ. ಹಾಗಿದ್ದ ಮೇಲೆ ನಾಲ್ಕು ಗಂಟೆಯ ಸಿಟ್ಟು ರಾತ್ರಿ ಎಂಟಕ್ಕೂ ಉಳಿದಿರುವುದೇಕೆ? ‘ಅವಳು ನನ್ನ ಪೆನ್ಸಿಲು ತೆಗೆದುಕೊಂಡಳು’ ಎಂದು ಅವನು ಮತ್ತೆ ಮತ್ತೆ ನೆನೆಯುವುದರಿಂದ. ನೆನೆದಾಗಲೆಲ್ಲ ಹೊಸ ರಸ ಸುರಿಯುತ್ತದೆ. ಮೊದಲ ತೆರೆ ಶರೀರದ್ದು; ಎರಡನೆಯದು, ಮೂರನೆಯದು ಅವನದೇ.

ಹತ್ತನೆಯ ಶತಮಾನದಲ್ಲಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ರಚಿಸಿದ ಗೊಮ್ಮಟಸಾರದಲ್ಲಿ ಕ್ರೋಧವನ್ನು ನಾಲ್ಕು ಬಗೆಯ ಗೆರೆಗಳಿಗೆ ಹೋಲಿಸಿದೆ: ಕಲ್ಲಿನ ಮೇಲಿನದು, ನೆಲದ ಬಿರುಕು, ಧೂಳಿನ ಮೇಲಿನದು, ನೀರಿನ ಮೇಲಿನದು. ಕಷಾಯಗಳ ವಾಸನಾಕಾಲವನ್ನೂ ಅಲ್ಲಿ ಅಳೆದು ಹೇಳಿದೆ. ಸಂಜ್ವಲನಕ್ಕೆ ಅಂತರ್ಮುಹೂರ್ತ, ಅಂದರೆ 48 ನಿಮಿಷಗಳ ಒಳಗಿನ ಕಾಲ, ಪ್ರತ್ಯಾಖ್ಯಾನಾವರಣಕ್ಕೆ ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣಕ್ಕೆ ಆರು ತಿಂಗಳು, ಅನಂತಾನುಬಂಧಿಯದು ಭವಭವಾಂತರಗಳವರೆಗೆ. ಮಕ್ಕಳಿಗೆ ಈ ಹೆಸರುಗಳು ಬೇಡ, ಗೆರೆಗಳು ಸಾಕು. ಹಿತ್ತಾಳೆಯ ಪರಾತದಲ್ಲಿ ನೀರು ತುಂಬಿ ಬೆರಳಿನಿಂದ ಗೆರೆ ಎಳೆಯಿಸಿ, ಆಮೇಲೆ ಅಂಗಳದ ಧೂಳಿನಲ್ಲಿ ಎಳೆಯಿಸಿ, ಮನೆಯ ಮುಂದಿನ ಕಲ್ಲುಚಪ್ಪಡಿಯ ಹಳೆಯ ಗೀರನ್ನು ತೋರಿಸಿದರೆ, ಮಗುವೇ ಕೇಳುತ್ತದೆ: ‘ಅಜ್ಜಾ, ನನ್ನದು ಯಾವ ಗೆರೆ?’ ಅಜ್ಜನು ಉತ್ತರ ಹೇಳಬಾರದು. ‘ರಾತ್ರಿ ಮಲಗುವ ಮುಂಚೆ ನೀನೇ ನೋಡಿ ಹೇಳು’ ಎನ್ನಬೇಕು. ನೀರಿನ ಗೆರೆ ರಸದ್ದು. ಕಲ್ಲಿನ ಗೆರೆಯನ್ನು ಕೆತ್ತುವ ಶಕ್ತಿ ಯಾವ ಗ್ರಂಥಿಗೂ ಇಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಯನ್ನು ಹೇಳದಿದ್ದರೆ ಅಪಾಯವಾದೀತು. ಕೆಲವು ಮಕ್ಕಳಲ್ಲಿ ಈ ರಸಗಳು ತಮ್ಮ ಕೆಲಸವನ್ನೇ ಮಾಡುವುದಿಲ್ಲ. ಬಾಲ್ಯದಲ್ಲಿ ಬರುವ ಒಂದನೆಯ ಬಗೆಯ ಮಧುಮೇಹದಲ್ಲಿ ಮೇದೋಜೀರಕದ ಇನ್ಸುಲಿನ್ ಹೆಚ್ಚುಕಡಿಮೆ ನಿಂತೇಹೋಗುತ್ತದೆ. 1922ಕ್ಕೆ ಮುಂಚೆ ಇಂತಹ ಮಕ್ಕಳು ಬದುಕುತ್ತಿರಲಿಲ್ಲ. ಆ ವರ್ಷದ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಬಾಲಕನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಲಾಯಿತು. ಇಂತಹ ಮಗು ಮನೆಯಲ್ಲಿದ್ದರೆ ಅದರ ಸಿಟ್ಟನ್ನು ಬೇರೆ ಕಣ್ಣಿನಿಂದ ನೋಡಬೇಕು. ಚುಚ್ಚುಮದ್ದು ತೆಗೆದುಕೊಂಡು ಹೊತ್ತಿಗೆ ಉಣ್ಣದಿದ್ದರೆ ರಕ್ತದ ಸಕ್ಕರೆ 70 ಮಿಲಿಗ್ರಾಮಿಗಿಂತ ಕೆಳಗೆ ಇಳಿಯುತ್ತದೆ. ಆಗ ಬೆವರು, ನಡುಕಗಳ ಜೊತೆಗೆ ಇದ್ದಕ್ಕಿದ್ದಂತೆ ರೇಗುವುದು, ಅಳುವುದು, ಅಸಂಬದ್ಧವಾಗಿ ಮಾತಾಡುವುದು ಕಾಣಿಸಿಕೊಳ್ಳುತ್ತದೆ. ಅದು ಕಷಾಯದ ಪರೀಕ್ಷೆಯ ಹೊತ್ತಲ್ಲ. ಬುದ್ಧಿ ಹೇಳುತ್ತ ಕುಳಿತ ಹತ್ತು ನಿಮಿಷಗಳಲ್ಲಿ ಮಗು ಎಚ್ಚರ ತಪ್ಪಬಹುದು. ಕೂಡಲೇ ಗ್ಲೂಕೋಸ್ ಪುಡಿ ಅಥವಾ ಸಕ್ಕರೆ ನೀರನ್ನು ಕುಡಿಸಿ, ಹದಿನೈದು ನಿಮಿಷಗಳ ಮೇಲೆ ರಕ್ತವನ್ನು ಮತ್ತೆ ಪರೀಕ್ಷಿಸಬೇಕು. ನುಂಗಲಾರದಷ್ಟು ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಇನ್ನು, ‘ಇಂದು ಉಪವಾಸ, ಊಟವಿಲ್ಲ, ಆದ್ದರಿಂದ ಚುಚ್ಚುಮದ್ದೂ ಬೇಡ’ ಎಂದು ನಿಲ್ಲಿಸುವುದು ಇದಕ್ಕಿಂತ ಘೋರ. ಇನ್ಸುಲಿನ್ ಇಲ್ಲದ ಶರೀರದಲ್ಲಿ ಆಮ್ಲಗಳು ತುಂಬಿ ಜೀವಕ್ಕೇ ಎರವಾಗುತ್ತದೆ.

ಸೂರ್ಯಾಸ್ತದ ಮೇಲೆ ಸಕ್ಕರೆ ಇಳಿದರೆ ಏನು ಮಾಡಬೇಕೆಂಬ ಶಂಕೆ ಅನೇಕ ತಾಯಂದಿರನ್ನು ಕಾಡುತ್ತದೆ. ಔಷಧಕ್ಕೆ ವಿನಾಯಿತಿ ಇಟ್ಟು ನಿಯಮ ಕೊಡುವುದು ಗೃಹಸ್ಥರಲ್ಲಿ ರೂಢಿಯಲ್ಲಿರುವ ಕ್ರಮವೇ. ಈ ಮಗುವಿಗೆ ಸಕ್ಕರೆಯೇ ಔಷಧ. ಇದನ್ನು ನಿಯಮ ಕೊಡಿಸುವಾಗಲೇ ಸ್ಪಷ್ಟವಾಗಿ ಹೇಳಿಬಿಟ್ಟರೆ, ನಡುರಾತ್ರಿಯಲ್ಲಿ ಮಗು ವ್ರತಭಂಗದ ಭಯದಿಂದ ನಡುಗುತ್ತ ಸುಮ್ಮನೆ ಮಲಗಿರುವುದು ತಪ್ಪುತ್ತದೆ. ಮತ್ತೊಂದು ಶಂಕೆ ಇನ್ಸುಲಿನ್ನಿನದೇ. ಹಿಂದೆ ಅದನ್ನು ದನ ಹಂದಿಗಳ ಗ್ರಂಥಿಗಳಿಂದ ತೆಗೆಯುತ್ತಿದ್ದುದು ನಿಜ. ಅಹಿಂಸಾಣುವ್ರತಿಗಳಾದ ತಂದೆತಾಯಂದಿರು ಆಗ ಪಟ್ಟ ಸಂಕಟ ಸಣ್ಣದಲ್ಲ. 1982ರಲ್ಲಿ ಸೂಕ್ಷ್ಮಾಣುಗಳ ಮೂಲಕ ತಯಾರಿಸಿದ ಮಾನವ ಇನ್ಸುಲಿನ್ ಅಮೆರಿಕದಲ್ಲಿ ಬಳಕೆಗೆ ಬಂದಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆ ಯೀಸ್ಟಿನ ಮೂಲಕ ತಯಾರಿಸಿದ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಶಂಕೆ ಉಳಿದವರು ತಮ್ಮ ಮಗುವಿಗೆ ಬರೆದುಕೊಟ್ಟ ಔಷಧ ಯಾವುದರಿಂದ ತಯಾರಾದುದೆಂದು ವೈದ್ಯರನ್ನು ಕೇಳಬಹುದು. ಕೇಳುವವರೆಗೆ ಚುಚ್ಚುಮದ್ದನ್ನು ನಿಲ್ಲಿಸಬಾರದು.

ಹರೆಯದ ಮಕ್ಕಳ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ವಾರಗಟ್ಟಲೆ ಮಂಕಾಗಿರುವುದು, ನಿದ್ರೆ ಕೆಡುವುದು, ಬಸದಿಗೂ ಆಟಕ್ಕೂ ಮನಸ್ಸಿಲ್ಲದಿರುವುದು ಸಂಯಮವೂ ಅಲ್ಲ, ಸೋಮಾರಿತನವೂ ಅಲ್ಲ. ಥೈರಾಯಿಡ್ ರಸದ ಕೊರತೆಯಿಂದ ಹಾಗಾಗಬಹುದು. ಖಿನ್ನತೆಯೆಂಬ ರೋಗದಿಂದಲೂ ಆಗಬಹುದು. ಅಂತೆಯೇ, ಪರ್ವವಿಲ್ಲದ ದಿನಗಳಲ್ಲಿಯೂ ಒಂದರ ಮೇಲೊಂದು ಉಪವಾಸ ಹಿಡಿದು, ತೂಕ ಇಳಿದಷ್ಟೂ ಹಿಗ್ಗುವ ಹುಡುಗಿಯನ್ನು ತಪಸ್ವಿನಿಯೆಂದು ಹೊಗಳುವ ಮುಂಚೆ ತಾಯಿಯಾದವಳು ಅವಳ ಪಕ್ಕದಲ್ಲಿ ಕುಳಿತು ಮಾತಾಡಿಸಬೇಕು, ವೈದ್ಯರಿಗೂ ತೋರಿಸಬೇಕು.

ಮಧುಮೇಹವಿರುವ ಮಗುವೂ ಪರ್ವದ ದಿನ, ‘ನನಗೂ ಒಂದು ವ್ರತ ಕೊಡಿಸಿ’ ಎಂದು ಕೇಳುತ್ತದೆ. ಅದಕ್ಕೆ ಇಲ್ಲವೆನ್ನಬೇಕಾಗಿಲ್ಲ. ತಪಸ್ಸಿನ ಹನ್ನೆರಡು ಭೇದಗಳಲ್ಲಿ ಅನಶನ ಒಂದು ಮಾತ್ರ. ವಿನಯ, ವೈಯಾವೃತ್ಯ, ಸ್ವಾಧ್ಯಾಯಗಳೂ ತಪಸ್ಸೇ. ಒಂದು ಮುಹೂರ್ತದ ಮೌನ, ಉಪವಾಸವಿರುವ ಅಜ್ಜಿಯ ಕಾಲೊತ್ತುವುದು, ದಿನಕ್ಕೊಂದು ಧರ್ಮದ ಅರ್ಥವನ್ನು ಓದಿ ತಂಗಿಗೆ ಹೇಳುವುದು, ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಲಿ. ಗ್ಲೂಕೋಸ್ ಪುಡಿಯ ಡಬ್ಬಿಯನ್ನು ಮಾತ್ರ ಬಸದಿಗೆ ಹೋಗುವಾಗಲೂ ಚೀಲದಲ್ಲಿ ಇಟ್ಟುಕೊಂಡೇ ಹೋಗಲಿ. ಅದು ಎಲ್ಲಿದೆಯೆಂಬುದು ಅಣ್ಣನಿಗೂ ಗೊತ್ತಿರಲಿ.