ನೊರೆ ಕಡಿಮೆಯಾದರೆ ಕೊಳೆ ಉಳಿಯುತ್ತದೆಯೇ?

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್ ಇರುವುದು ವರ್ತೂರು ಕೆರೆಯ ಹತ್ತಿರ. ಕೋಡಿಯಲ್ಲಿ ನೊರೆ ಏಳುವುದನ್ನು ಕಂಡಾಗೆಲ್ಲ ನಮ್ಮ ವಾಷಿಂಗ್ ಮಷೀನೇ ಕಣ್ಣಮುಂದೆ ಬರುತ್ತದೆ. 'ಪರಿಸರಸ್ನೇಹಿ' ಎಂದು ಬರೆದ ದುಬಾರಿ ಲಿಕ್ವಿಡ್ ತಂದೆ. ಕೆಲಸಕ್ಕೆ ಬರುವ ಅಕ್ಕ "ನೊರೇನೇ ಬರಲ್ಲ, ಜಿಡ್ಡು ಹೋಗಲ್ಲ" ಅಂತಾರೆ. ನಮ್ಮವರು "ಊರೆಲ್ಲ ಸುರೀತಿರುವಾಗ ನಿನ್ನ ಒಂದು ಮುಚ್ಚಳ ಯಾವ ಲೆಕ್ಕ?" ಎಂದು ನಗುತ್ತಾರೆ. ಅತ್ತೆ ಅಂಟುವಾಳ ತರಿಸು ಎನ್ನುತ್ತಾರೆ. ಯಾರ ಮಾತು ಕೇಳಲಿ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಎಲ್ಲರದ್ದೂ ಅರ್ಧರ್ಧ ಕೇಳಿ.

ಆ ನೊರೆಯ ದೊಡ್ಡ ಕಾರಣ, ಶುದ್ಧವಾಗದೆ ಕೆರೆಗೆ ನುಗ್ಗುವ ಚರಂಡಿ ನೀರು. ಅದನ್ನು ತಡೆಯಬೇಕಾದದ್ದು ಜಲಮಂಡಳಿ. ಆ ಪಾಪವನ್ನೆಲ್ಲ ನಿಮ್ಮ ತಲೆಗೆ ಕಟ್ಟಿಕೊಳ್ಳಬೇಡಿ. ಹಾಗಂತ ನಿಮ್ಮವರು ಪೂರ್ತಿ ಸರಿಯಲ್ಲ. ನೊರೆಯ ಸರಕು ಹೋಗುವುದು ನಮ್ಮ ಮನೆಗಳಿಂದಲೇ. ಡಿಟರ್ಜೆಂಟಿನಲ್ಲಿರುವ ಕೊಳೆ ಬಿಡಿಸುವ ರಾಸಾಯನಿಕ ಗಾಳಿಯಾಡುವ ನೀರಿನಲ್ಲಿ ಬಹುಪಾಲು ಕೊಳೆತುಹೋಗುತ್ತದೆ, ಆಮ್ಲಜನಕವಿಲ್ಲದ ಹೂಳಿನಲ್ಲಿ ಹಾಗೇ ಕೂತಿರುತ್ತದೆ. ಜೋರು ಮಳೆಗೆ ಹೂಳು ಕದಡಿ, ನೀರು ಕೋಡಿಯಿಂದ ಧುಮುಕಿತೋ, ಎದ್ದಿತು ಬಿಳಿಗುಡ್ಡ. ಮುಂದೆ ಅದೇ ನೀರು ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಹೊಸೂರಿನ ಕೆಲವರಪಳ್ಳಿ ಅಣೆಕಟ್ಟಿನಲ್ಲೂ ನೊರೆ ಕಾಣುತ್ತದೆ.

ಅಕ್ಕನಿಗೆ ಹೇಳಿ: ಕೊಳೆ ತೆಗೆಯುವುದು ನೊರೆಯಲ್ಲ. ಬೋರ್‌ವೆಲ್, ಟ್ಯಾಂಕರ್‌ಗಳ ಗಡಸು ನೀರಿನಲ್ಲಿ ನೊರೆ ಕಡಿಮೆ ಬರುವುದರಿಂದ ಕೈ ತಾನಾಗಿ ಇನ್ನೊಂದಿಷ್ಟು ಸುರಿಯುತ್ತದೆ. ಒಂದು ಪರೀಕ್ಷೆ ಮಾಡಿ. ಒಗೆದ ಬಟ್ಟೆಯನ್ನೇ ಪುಡಿ ಹಾಕದೆ ಮತ್ತೊಮ್ಮೆ ಮಷೀನಿಗೆ ಹಾಕಿ. ನೊರೆ ಬಂತೆಂದರೆ ಇಷ್ಟು ದಿನ ಹೆಚ್ಚು ಹಾಕುತ್ತಿದ್ದೀರಿ ಎಂದರ್ಥ. ದುಬಾರಿ ಬಾಟಲಿಗಿಂತ ಡಬ್ಬದೊಳಗಿನ ಚಿಕ್ಕ ಚಮಚೆಯ ಮೇಲೆ ನನಗೆ ನಂಬಿಕೆ ಜಾಸ್ತಿ. ಜಿಡ್ಡಿನ ಬಾಣಲೆಯನ್ನು ಮೊದಲು ಹಳೇ ಪೇಪರಿನಿಂದ ಒರೆಸಿ, ಬಿಸಿನೀರು ಕೊಡಿ. ಅಕ್ಕನ ತಕರಾರು ಅಲ್ಲಿಗೇ ಅರ್ಧ ಮುಗಿಯುತ್ತದೆ.

ಕೊಳ್ಳುವಾಗ ಎಲೆಯ ಚಿತ್ರಕ್ಕೆ ಮರುಳಾಗದೆ 'ಫಾಸ್ಫೇಟ್ ಇಲ್ಲ' ಎಂದಿದೆಯೇ ನೋಡಿ. ಫಾಸ್ಫೇಟ್ ಕೆರೆಯ ಕಳೆಗೆ ಗೊಬ್ಬರ. ಮಡಕೆ ಗುರುತಿನ ಸರ್ಕಾರಿ 'ಇಕೋಮಾರ್ಕ್' 1991ರಿಂದಲೇ ಇದೆ, ಅಂಗಡಿಯಲ್ಲಿ ಕಣ್ಣಿಗೆ ಬೀಳುವುದೇ ಅಪರೂಪ.

ಅತ್ತೆಯವರ ಅಂಟುವಾಳ ರೇಷ್ಮೆಗೂ ಚಿನ್ನಕ್ಕೂ ಬಹಳ ಒಳ್ಳೆಯದು. ಆದರೆ ಮೀನಿಗೆ ಮತ್ತು ಬರಿಸಿ ಹಿಡಿಯಲೂ ಅದೇ ಕಾಯಿಯನ್ನು ಬಳಸುತ್ತಿದ್ದರು. ಗಿಡದಿಂದ ಬಂದದ್ದೆಲ್ಲ ಮೀನಿಗೆ ಹಿತವಲ್ಲ. ಕೆರೆ ದಂಡೆಯಲ್ಲಿ ಮಾತ್ರ ತೊಳೆಯಬೇಡಿ.

ನಿಮ್ಮ ಮನೆಯಲ್ಲಿ ಯಾರೂ ಎತ್ತದ ವಿಷಯ ಫಿನಾಯಿಲ್, ಬ್ಲೀಚಿಂಗ್, ಟಾಯ್ಲೆಟ್ ಆಸಿಡ್‌ಗಳದ್ದು. ಅಪಾರ್ಟ್‌ಮೆಂಟಿನ ಎಸ್‌ಟಿಪಿಯಲ್ಲಿ, ಅಂದರೆ ಚರಂಡಿ ನೀರು ಶುದ್ಧೀಕರಣ ಘಟಕದಲ್ಲಿ, ಕೊಳೆ ತಿನ್ನುವುದು ಬ್ಯಾಕ್ಟೀರಿಯಾ. ಇವನ್ನು ಧಾರಾಳವಾಗಿ ಸುರಿದರೆ ಸಾಯುವುದು ಅವೇ. ದಿನನಿತ್ಯಕ್ಕೆ ಬ್ರಷ್ಷೂ ನೀರೂ ಸಾಕು, ಬಿಳಿ ಕಲೆಗೆ ಸಿಟ್ರಿಕ್ ಆಸಿಡ್. ಟಾಯ್ಲೆಟ್ ಆಸಿಡ್ಡನ್ನೂ ಬ್ಲೀಚಿಂಗನ್ನೂ ಎಂದೂ ಬೆರೆಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ಇನ್ನು ಆ ಬ್ಯಾಕ್ಟೀರಿಯಾಗಳಿಗೆ ಗಾಳಿಯೂ ಬೇಕು. ನಗುವ ಯಜಮಾನರನ್ನು ಸಂಘದ ಮುಂದಿನ ಸಭೆಗೆ ಕಳಿಸಿ. ಕರೆಂಟ್ ಬಿಲ್ ಉಳಿಸಲು ರಾತ್ರಿ ಎಸ್‌ಟಿಪಿಗೆ ಗಾಳಿ ಊದುವ ಬ್ಲೋವರ್ ಆರಿಸುತ್ತಾರೆಯೇ ಎಂದು ಕೇಳಿಕೊಂಡು ಬರಲಿ.